ಬಾಗ್ಲ ಹಾಕ್ಕೋ ಅಕ್ಕಾ

ಬೀಡಿ, ಎಲೆಅಡಿಕೆ, ಇಸ್ಪೀಟು ಯಾವುದೂ ಹತ್ತದ ನನಗೆ ಹತ್ತಿರುವುದು ಒಂದೇ ಚಟ. ಮನೆಯಿಂದ ಹೊರಡುವಾಗ ಹೊಸ್ತಿಲಾಚೆ ನಿಂತು, ಚಪ್ಪಲಿಯಲ್ಲಿ ಕಾಲು ತೂರಿಸುತ್ತ, ಒಳಗಿನ ಕಡೆ ಮುಖ ಮಾಡಿ ‘ಬಾಗ್ಲ ಹಾಕ್ಕೋ’ ಎನ್ನುವುದು. ಇದರಲ್ಲಿ ಚಟವೇನು ಬಂತು, ಎಲ್ಲರೂ ಹೇಳುವ ಮಾತೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಎಲ್ಲರೂ ಹೇಳುತ್ತಾರೆ. ಅವರ ಮನೆಗಳಲ್ಲಿ ಬಾಗಿಲು ಹಾಕಿಕೊಳ್ಳುವುದಕ್ಕೆ ಒಬ್ಬರು ಇರುತ್ತಾರೆ. ನನ್ನ ಮನೆಯಲ್ಲಿ ಇರುವವನು ನಾನೊಬ್ಬನೇ.

ಎಚ್.ಬಿ. ಹಳ್ಳಿಯ ಈ ಬಾಡಿಗೆ ಕೋಣೆಗೆ ಬಂದ ಹೊಸತರಲ್ಲಿ ಮನೆಯ ಒಡತಿ ನನ್ನ ಮಾತು ಕೇಳಿಸಿಕೊಂಡು ಅಂಗಳದಲ್ಲೇ ತಡೆದು ನಿಲ್ಲಿಸಿದರು.

“ಸರ, ಒಬ್ಬಾವ್ನ ಇರ್ತೀನಿ ಅಂತ ಹೇಳಿ ಬಂದೀರಿ. ಒಳಗ ಯಾರನ್ನ ಬಿಟ್ಟು ಹೊಂಟೀರಿ?”

“ಯಾರೂ ಇಲ್ಲವ್ವ. ಬಾಯಿಗೆ ರೂಢಿ ಬಿದ್ದೈತಿ, ಅಷ್ಟ.”

ಆಕೆ ನಂಬಲಿಲ್ಲ. ನನ್ನ ಎದುರಿಗೇ ಬಾಗಿಲು ತಳ್ಳಿ ಒಳಗೆ ಇಣುಕಿದರು. ಒಂದು ಮಂಚ, ಒಂದು ಸ್ಟೋವು, ಗೂಟಕ್ಕೆ ನೇತುಬಿದ್ದ ಎರಡು ಅಂಗಿ. ಮಂಚದ ಕೆಳಗೂ ಒಮ್ಮೆ ಬಗ್ಗಿ ನೋಡಿದರು ಅನ್ನಿ. ಆಮೇಲೆ ಸೆರಗು ಸರಿಮಾಡಿಕೊಂಡು ಹೋದವರು ಆ ಸಂಜೆ ಎರಡು ಜೋಳದ ರೊಟ್ಟಿ, ಒಂದಿಷ್ಟು ಎಣ್ಣೆಗಾಯಿ ಕಳಿಸಿದರು. ಈ ಚಟದಿಂದ ನನಗೆ ಆಗಿರುವ ಲಾಭ ಇಷ್ಟೇ.

ಚಟ ಹತ್ತಿದ್ದು ಕೊಟ್ಟೂರಿನ ನಮ್ಮ ಮನೆಯಲ್ಲಿ. ಅದರ ಕಥೆ ಹೇಳಬೇಕೆಂದರೆ ಮೊದಲು ಆ ಮನೆಯ ಬಾಗಿಲಿನ ಕಥೆ ಹೇಳಬೇಕು.

ಮನೆ ನಮ್ಮ ಮುತ್ತಜ್ಜ ಕಟ್ಟಿಸಿದ್ದು. ಕಟ್ಟಿಸುವಾಗ ಇದ್ದದ್ದನ್ನೆಲ್ಲ ಬಾಗಿಲಿಗೇ ಸುರಿದುಬಿಟ್ಟನೋ ಏನೋ, ಗೋಡೆಗಳು ಮಣ್ಣಿನವು, ಮೇಲೆ ಮಾಳಿಗೆಯೂ ಮಣ್ಣಿನದೇ, ಬಾಗಿಲು ಮಾತ್ರ ಅರಮನೆಗೆ ಮಾಡಿಸಿದ್ದು ತಪ್ಪಿ ಇಲ್ಲಿಗೆ ಬಂದಂತೆ ಇತ್ತು. ಸಾಗವಾನಿಯ ಎರಡು ಕದ, ಮೈತುಂಬ ಹಿತ್ತಾಳೆಯ ಗುಬ್ಬಿಮೊಳೆ. ಎತ್ತರ ಕಡಿಮೆ. ಬಗ್ಗದೆ ಬಂದವರ ಹಣೆಗೆ ಚೌಕಟ್ಟು ತಾನೇ ಬುದ್ಧಿ ಹೇಳುತ್ತಿತ್ತು. ಒಳಗಡೆ ಮೇಲೊಂದು ಸರಪಳಿ ಚಿಲಕ, ನಡುವೆ ಅಗುಳಿ. ಅಗುಳಿ ಎಂದರೆ ಈಗಿನವರಿಗೆ ತಿಳಿಯದೇ ಹೋಗಬಹುದು. ಗೋಡೆಯೊಳಗಿನ ಪೊಟರೆಯಿಂದ ಎಳೆದು, ಎರಡೂ ಕದಗಳಿಗೆ ಅಡ್ಡ ಬರುವಂತೆ ಆಚೆಯ ಗೋಡೆಗೆ ಸಿಕ್ಕಿಸುವ ದಪ್ಪ ಮರದ ಪಟ್ಟಿ. ಅದು ಸಿಕ್ಕಿಕೊಂಡಾಗ ‘ಗಡಲ್’ ಎಂದು ಸದ್ದಾಗುತ್ತಿತ್ತು. ಓಣಿಗೆಲ್ಲ ಕೇಳುವ ಸದ್ದು.

ಗಮನಿಸಿ, ಇದೆಲ್ಲ ಒಳಗಿದ್ದವರಿಗೆ. ಹೊರಗೆ ಕದ ಎಳೆಯಲು ಒಂದು ಬಳೆ ಬಿಟ್ಟರೆ ಏನೂ ಇರಲಿಲ್ಲ. ಬೀಗ ಹಾಕಲು ಕೊಂಡಿಯೂ ಇರಲಿಲ್ಲ. ಹಾಗೆಂದು ಬೀಗ ಇರಲೇ ಇಲ್ಲವೆಂದಲ್ಲ. ಬಲಗಡೆಯ ಕದದ ಒಳಮೈಗೆ ಎಲೆಅಡಿಕೆ ಪೆಟ್ಟಿಗೆಯಷ್ಟು ಗಾತ್ರದ ಕಬ್ಬಿಣದ ಬೀಗವೊಂದನ್ನು ಬಿಗಿದಿದ್ದರು. ಹೊರಗಡೆಯಿಂದ ಕೀಲಿಕೈ ಹಾಕಲು ಕದದಲ್ಲಿ ತೂತು, ತೂತಿನ ಮೇಲೆ ಅರಳಿ ಎಲೆಯ ಆಕಾರದ ಹಿತ್ತಾಳೆ ಮುಚ್ಚಳ. ಆದರೆ ಅದರೊಳಗೆ ಯಾರಾದರೂ ಕೀಲಿಕೈ ತಿರುವಿದ್ದನ್ನು ನಾನು ನೋಡಿಲ್ಲ. ನನ್ನ ಅಪ್ಪನೂ ನೋಡಿರಲಿಲ್ಲ.

ಅದಕ್ಕೆ ಕಾರಣ ನಮ್ಮಜ್ಜಿ. ನಮ್ಮ ಕಡೆ ಒಂದು ವಂಶ ನಿಂತುಹೋದರೆ ‘ಆ ಮನಿ ಕದ ಮುಚ್ಚಿತು’ ಎನ್ನುತ್ತಾರೆ. ನಳದ ಹತ್ತಿರ ಕೊಡಗಳ ಜಗಳ ತಾರಕಕ್ಕೆ ಹೋದಾಗ ಹೆಂಗಸರ ಬಾಯಿಂದ ಬರುವ ಕೊನೆಯ ಬೈಗುಳವೂ ಅದೇ, ‘ನಿಮ್ಮನಿ ಕದ ಮುಚ್ಚಲಿ’. ಮಂದಿ ಬಾಯಲ್ಲಿ ಬೈಗುಳವಾಗಿರುವುದನ್ನು ನಮ್ಮ ಕೈಯಿಂದ ನಾವೇ ಮಾಡಿಕೊಳ್ಳಬೇಕೇ ಎನ್ನುವುದು ಅಜ್ಜಿಯ ವಾದ. ಹಾಗಾಗಿ ಮನೆ ಖಾಲಿ ಬಿಡುವಂತಿಲ್ಲ, ಹೊರಗಿನಿಂದ ಕೀಲಿ ಹಾಕುವಂತಿಲ್ಲ. ಮದುವೆಯಿರಲಿ, ಮಣ್ಣಿರಲಿ, ಹರಪನಹಳ್ಳಿಯ ಟೂರಿಂಗ್ ಟಾಕೀಸಿನ ಸಿನಿಮಾ ಇರಲಿ, ಎಲ್ಲರೂ ಹೊರಟಾಗ ಒಬ್ಬರು ಉಳಿಯಬೇಕು. “ಮನಿ ಕಾಯಾಕ ಒಬ್ಬರು ಬೇಕಲ್ಲ” ಎಂದು ಅಜ್ಜಿ ಎಲ್ಲರ ಮುಖ ನೋಡುತ್ತಿದ್ದಳು. ಉಳಿಯುತ್ತಿದ್ದವಳು ನಮ್ಮಕ್ಕ.

ಅಕ್ಕ ನನಗಿಂತ ಬಹಳ ದೊಡ್ಡವಳು. ಮದುವೆಯಾಗಿ ಹೋದವಳು ಗಂಡ ತೀರಿದ ಮೇಲೆ ಬೇಗನೇ ತವರಿಗೆ ತಿರುಗಿ ಬಂದಿದ್ದಳು. ನಾನಾಗ ಚಡ್ಡಿ ಹಾಕಿಕೊಳ್ಳುವ ವಯಸ್ಸಿನವನು. ಒಮ್ಮೆ ಮನೆಮಂದಿಯೆಲ್ಲ ಹೊಳಲಿಗೆ ಹೋದೆವು, ಅಲ್ಲಿನ ಅನಂತಶಯನ ದೇವರನ್ನು ನೋಡಲಿಕ್ಕೆ. ಅಕ್ಕ ಉಳಿದಳು. ತಿರುಗಿ ಬಂದವನೇ ನಾನು ಬುತ್ತಿಯ ಗಂಟು ಕೆಳಗಿಡುವ ಮೊದಲೇ ವರದಿ ಒಪ್ಪಿಸಿದೆ.

“ಅಕ್ಕಾ, ದೇವರು ಎಷ್ಟು ಉದ್ದ ಅದಾನ ಅಂದ್ರ, ಮಲಗೇ ಬಿಟ್ಟಾನ.”

“ನಿದ್ದಿ ಹತ್ತೈತೇನು?”

“ಕಣ್ಣು ಬಿಟ್ಕೊಂಡು ಮಲಗ್ಯಾನ.”

ಅಕ್ಕ ಕೇಳಿದಳು, “ಅಂವ ಮಲಗಿದ್ರ ಗುಡಿ ಬಾಗ್ಲ ಯಾರು ಹಾಕ್ಕೋತಾರ?”

ಮುಂದಿನ ಸಲ ಹೋದಾಗ ನೀನೇ ಕೇಳು ಎಂದೆ. ಹೂಂ ಎಂದಳು.

ಕಬ್ಬಿಣದ ಬೀಗ ಕೆಲಸಕ್ಕೆ ಬಾರದ್ದು ಎಂದಿರಾ? ಹಾಗೇನಿಲ್ಲ, ಅದಕ್ಕೆ ಬೇರೆ ಕೆಲಸಗಳಿದ್ದವು. ಅದರ ಗೇಣುದ್ದದ ಕೀಲಿಕೈ ಅಡುಗೆಮನೆಯ ಗೂಟದಲ್ಲಿ ತೂಗುತ್ತಿತ್ತು. ಅಕ್ಕ ಅದರಿಂದ ಶುಂಠಿ ಜಜ್ಜುತ್ತಿದ್ದಳು. ಓಣಿಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಓಡಿ ಬರುತ್ತಿದ್ದದ್ದು ನಮ್ಮ ಮನೆಗೇ, “ಕೀಲಿಕೈ ಕೊಡ್ರಿ ಲಗೂನ” ಎಂದು. ಬಿದ್ದವರ ಮುಷ್ಟಿಯಲ್ಲಿ ಕಬ್ಬಿಣ ಹಿಡಿಸಬೇಕೆಂಬ ನಂಬಿಕೆ. ನಮ್ಮದಕ್ಕಿಂತ ದೊಡ್ಡ ಕಬ್ಬಿಣದ ಕೀಲಿಕೈ ಓಣಿಯಲ್ಲಿ ಇರಲಿಲ್ಲ. ಹೀಗೆ ಬಾಗಿಲೊಂದನ್ನು ಬಿಟ್ಟು ಅದು ಊರ ಉಸಾಬರಿಯನ್ನೆಲ್ಲ ಮಾಡುತ್ತಿತ್ತು. ಬೀಗದ ತೂತಂತೂ ನನ್ನದೇ. ಮಳೆ ಬಂದಾಗ, ಬೈಸಿಕೊಂಡು ಮೂಲೆ ಸೇರಿದಾಗ, ಒಳಗೆ ಕೂತು ಅದರಲ್ಲಿ ಒಂದು ಕಣ್ಣಿಟ್ಟು ಓಣಿ ನೋಡುತ್ತಿದ್ದೆ. ಕಾಣುತ್ತಿದ್ದದ್ದು ಮಂದಿಯ ಮೊಣಕಾಲುಗಳು. ಯಾರ ಮೊಣಕಾಲು ಎಂದು ನಾನು ಹೇಳಬೇಕು, ಅಕ್ಕ ಬಾಗಿಲು ತೆಗೆದು ಸರಿಯೋ ತಪ್ಪೋ ನೋಡಬೇಕು. ನೋಡಲು ಬೇಸರವಾದಾಗ ಅದನ್ನೇ ದೇವಸ್ಥಾನದ ಹುಂಡಿ ಮಾಡಿಕೊಂಡು ಕೈಗೆ ಸಿಕ್ಕಿದ್ದನ್ನೆಲ್ಲ ತೂರಿಸುತ್ತಿದ್ದೆ.

ಅಜ್ಜಿ ಹೋದಳು, ಅಪ್ಪ ಅವ್ವ ಹೋದರು. ಅಣ್ಣ ಇಟ್ಟಿಗಿ ಎಂಬ ಊರಿಗೆ ಮನೆಅಳಿಯನಾಗಿ ಹೋಗಿ ಮಾವನ ಹೊಲ ನೋಡಿಕೊಂಡ. ನಾನು ಎಚ್.ಬಿ. ಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ನನಗೆ ಮದುವೆ ಏಕೆ ಆಗಲಿಲ್ಲ ಎಂದರೆ ಹೇಳಿಕೊಳ್ಳುವಂಥ ಕಥೆಯೇನೂ ಇಲ್ಲ. ನಾನು ಒಪ್ಪಿದವರು ನನ್ನನ್ನು ಒಪ್ಪಲಿಲ್ಲ, ನನ್ನನ್ನು ಒಪ್ಪಿದವರಲ್ಲಿ ನನಗೆ ಅನುಮಾನ ಬಂತು. ಕೊನೆಗೆ ಮನೆಯಲ್ಲಿ ಉಳಿದವರು ಅಕ್ಕ ಮತ್ತು ನಾನು.

ದಿನಾ ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ನಾನು “ಬಾಗ್ಲ ಹಾಕ್ಕೋ ಅಕ್ಕಾ” ಎನ್ನುತ್ತಿದ್ದೆ. ಒಳಗಿನಿಂದ “ಹೂಂ” ಬರುತ್ತಿತ್ತು. ಅಕ್ಕ ಮಾತು ಕಡಿಮೆ ಮಾಡಿದವಳು, ಇಡೀ ಬದುಕನ್ನು ಹೂಂ ಒಂದರಲ್ಲೇ ನಡೆಸಿದಳು. ಸಿಟ್ಟಿನ ಹೂಂ ಬೇರೆ, ಸಾಕು ಸುಮ್ಮನಿರು ಎನ್ನುವ ಹೂಂ ಬೇರೆ. ಬಾಗಿಲಿನ ಹೂಂ ಗಿಡ್ಡದು, ಮೂಗಿನಿಂದ ಬರುವಂಥದು. ಹಿಂದೆಯೇ ‘ಗಡಲ್’. ಆ ಸದ್ದು ಕೇಳಿದ ಮೇಲೆಯೇ ನಾನು ಕಟ್ಟೆ ಇಳಿಯುತ್ತಿದ್ದದ್ದು. ನಲವತ್ತು ದಾಟಿದರೂ ನನ್ನ ಜೇಬಿನಲ್ಲಿ ಕೀಲಿಕೈ ಎನ್ನುವ ವಸ್ತು ಇರಲಿಲ್ಲ. ಕಚೇರಿಯಲ್ಲಿ ಉಳಿದವರು ಸೊಂಟದ ಗೊಂಚಲು ಝಣಗುಡಿಸಿಕೊಂಡು ಓಡಾಡುವಾಗ, ಇವರ ಮನೆಯಲ್ಲಿ ಯಾರೂ ಇಲ್ಲವೇನೋ ಪಾಪ ಎಂದುಕೊಳ್ಳುತ್ತಿದ್ದೆ.

ಅಕ್ಕ ಹೋದದ್ದು ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ. ಜ್ವರ ಎಂದಳು, ಅಡ್ಡಾದಳು, ಏಳಲಿಲ್ಲ. ಅವಳನ್ನು ಹೊತ್ತುಕೊಂಡು ನಾವೆಲ್ಲ ಹೋದಾಗ ಎದುರುಮನೆಯ ನೀಲಮ್ಮ ಒಳಗೆ ಉಳಿದು ಮನೆ ಕಾದಳು. ಅಕ್ಕ ಮನೆ ಕಾಯಲು ಉಳಿಯದೆ ಎಲ್ಲರ ಜೊತೆ ಹೊರಟದ್ದು ಅದೊಂದೇ ಸಲ.

ದಿನಕರ್ಮ ಮುಗಿದು ಮೊದಲ ದಿನ ಕಚೇರಿಗೆ ಹೊರಟೆ. ಚೀಲ ಹೆಗಲಿಗೆ ಹಾಕಿದೆ, ಚಪ್ಪಲಿ ಮೆಟ್ಟಿದೆ, “ಬಾಗ್ಲ ಹಾಕ್ಕೋ ಅಕ್ಕಾ” ಎಂದೆ. ಎಂದು, ‘ಗಡಲ್’ಗಾಗಿ ಕಾಯುತ್ತ ನಿಂತೆ. ಬಹಳ ಹೊತ್ತು ನಿಂತೆ. ನೀಲಮ್ಮ ತನ್ನ ಕಟ್ಟೆಯಿಂದ ನೋಡುತ್ತಿದ್ದಳು. ಬಸ್ಸು ಹೋಯಿತು. ನಾನು ಒಳಗೆ ಬಂದು ಅಗುಳಿ ಎಳೆದು, ಅದಕ್ಕೆ ಹಣೆ ಹಚ್ಚಿ ಅತ್ತೆ. ಸತ್ತ ದಿನ ಬಾರದಿದ್ದ ಅಳು ಅಂದು ಬಂತು.

ಆಮೇಲಿನ ತಿಂಗಳುಗಳಲ್ಲಿ ಕದಗಳನ್ನು ಸುಮ್ಮನೆ ಎಳೆದು ಹೋಗುತ್ತಿದ್ದೆ. ಕಳುವಾಗುವಂಥದ್ದು ಒಳಗೆ ಏನಿತ್ತು? ನೀಲಮ್ಮನ ಒಂದು ಕಣ್ಣು ಇರುತ್ತಿತ್ತು. ಆದರೆ ಅವಳು ಮಧ್ಯಾಹ್ನ ಕಣ್ಣು ಮುಚ್ಚುವ ಹೊತ್ತು ಆಡುಗಳಿಗೆ ಗೊತ್ತಾಯಿತು. ಒಂದು ಸಂಜೆ ಬಂದು ನೋಡಿದರೆ ಪಡಸಾಲೆಯ ನಟ್ಟನಡುವೆ ಗಡ್ಡದ ಹೋತವೊಂದು ಮಲಗಿ ಮೆಲುಕು ಹಾಕುತ್ತಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ದೀಪಾವಳಿಯವರೆಗೆ ತಿಂದು ಮುಗಿಸಿತ್ತು. ನನ್ನನ್ನು ಕಂಡು ಅದು ಏಳಲೂ ಇಲ್ಲ, ನಾನೇ ತಪ್ಪು ಮನೆಗೆ ಬಂದೆನೋ ಎನ್ನುವಂತೆ ನೋಡಿತು. ನಿಜ ಹೇಳುತ್ತೇನೆ, ಅದನ್ನು ಓಡಿಸಲು ನನಗೆ ಮನಸ್ಸಾಗಲಿಲ್ಲ. ಬಾಗಿಲು ತೆಗೆದಾಗ ಒಳಗೆ ಒಂದು ಜೀವ ಇತ್ತಲ್ಲ.

ಈ ಸುದ್ದಿ ಇಟ್ಟಿಗಿ ಮುಟ್ಟಿ ಅಣ್ಣ ಮರುದಿನವೇ ಬಂದ.

“ಆಡಿನ ಕೂಡ ಸಂಸಾರ ಮಾಡಾಕ ಹತ್ತೀಯಂತಲ್ಲೋ. ಸಾಕು ಇದು. ಮನಿಗೆ ಕೀಲಿ ಹಾಕು, ಎಚ್.ಬಿ. ಹಳ್ಳಿಯಾಗ ಒಂದು ಕೋಣಿ ಹಿಡಿ. ದಿನಾ ಬಸ್ಸಿನ ತ್ರಾಸ ತಪ್ಪತೈತಿ, ನಾಕು ಮಂದಿ ಮಾತಾಡಾಕ ಸಿಗ್ತಾರ.”

“ಅಜ್ಜಿ ಏನಂತಿದ್ಲು?”

“ಅಜ್ಜಿ ಅನ್ನುವಾಗ ಮನಿಯಾಗ ಹದಿನಾರು ಮಂದಿ ಇದ್ವಿ. ಈಗ ನೀನು ಒಬ್ಬಾವ ಅದೀ. ಹೊರಗ ಹೋಗಾವನೂ ನೀನ, ಒಳಗ ಹಾಕ್ಕೊಳ್ಳಾವನೂ ನೀನ ಹೆಂಗ ಆಗ್ತಿ?”

ಈ ಮಾತಿಗೆ ಎದುರಾಡುವುದು ಕಷ್ಟ. ನನಗೂ ಒಳಗೊಳಗೆ ಗೊತ್ತಿತ್ತು, ಆ ಮನೆಯ ಸಂಜೆಗಳನ್ನು ನಾನು ಹೆಚ್ಚು ದಿನ ತಡೆಯಲಾರೆ. ಆದರೆ ಬೀಗ ಹಾಕುವುದೆಂದರೆ ಅಕ್ಕನ ಮೇಲೆ ಹಾಕಿದಂತೆ ಅನ್ನಿಸುತ್ತಿತ್ತು. ಇರಬೇಕೋ ಬಿಡಬೇಕೋ ತಿಳಿಯದೆ, ಆ ಬೀಗದಲ್ಲಿ ಕೀಲಿಕೈ ತಿರುಗುವುದೇ ಇಲ್ಲ, ಮೊದಲು ಅದು ರಿಪೇರಿಯಾಗಲಿ, ಆಮೇಲೆ ನೋಡೋಣ ಎಂದು ಅಣ್ಣನನ್ನು ಸಾಗಹಾಕಿದೆ. ಅವನೇ ಹೋಗುವಾಗ ಬಸ್ ಸ್ಟ್ಯಾಂಡಿನ ಇಮಾಮಸಾಬನಿಗೆ ಹೇಳಿ ಹೋದ.

ಇಮಾಮಸಾಬನದು ಬಸ್ ಸ್ಟ್ಯಾಂಡಿನ ಬದಿಗೆ ಒಂದು ಡಬ್ಬಿ ಅಂಗಡಿ. ಛತ್ರಿ, ಟಾರ್ಚು, ಸ್ಟೋವು, ಕೀಲಿ, ಎಲ್ಲದಕ್ಕೂ ಕೈ ಹಾಕುವವನು. ಕೈ ಹಾಕಿದ್ದೆಲ್ಲ ಸರಿಹೋಗುತ್ತಿತ್ತು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಆದರೆ ಕೆಟ್ಟದ್ದನ್ನೂ ಒಳ್ಳೆಯ ಮಾತಿನ ಜೊತೆ ಕೊಡುತ್ತಿದ್ದ. ದೊಡ್ಡ ಹೊಟ್ಟೆ, ಹಿಡಿದುಕೊಂಡ ಮೊಣಕಾಲು, ತಲೆಗೆ ಟೊಪ್ಪಿಗೆ. ನಮ್ಮ ಬಾಗಿಲಿಗೆ ಬಂದವನೇ ಹಣೆ ಬಡಿಸಿಕೊಂಡ. ಹಣೆ ತಿಕ್ಕಿಕೊಳ್ಳುತ್ತಲೇ ಬೀಗ ನೋಡಿ ನಕ್ಕ.

“ಇಷ್ಟ ಏನ್ರಿ? ನನ್ನ ಕೈಗೆ ಬಗ್ಗಲಾರದ ಕೀಲಿ ಇನ್ನೂ ಹುಟ್ಟಿಲ್ಲ ತಗೋರಿ. ಒಂದು ಚಾ ಕುಡಿಯೂದ್ರಾಗ ಬಿಚ್ಚತೀನಿ.”

ಆ ಭಾನುವಾರ ಅವನು ಕುಡಿದ ಚಹಾಗಳಿಗೆ ಲೆಕ್ಕವಿಲ್ಲ, ಒಂದು ತಿರುಪೂ ಅಲುಗಲಿಲ್ಲ. ಸೀಮೆಎಣ್ಣೆ ಬಿಟ್ಟ, ಸುತ್ತಿಗೆಯಿಂದ ತಟ್ಟಿದ, ಹೆಬ್ಬೆರಳಿಗೆ ಹೊಡೆದುಕೊಂಡು ಬೀಗಕ್ಕೆ ಬೈದ. ಬೈಗುಳ ಮುಗಿದ ಮೇಲೆ ಅದರ ಜೊತೆ ರಾಜಿಗೆ ಇಳಿದು “ಬಾ ನಮ್ಮಪ್ಪ, ಯಾಕ ಹಟ ಮಾಡ್ತಿ” ಎಂದು ರಮಿಸಿದ. ನಾನು ಕಂಬಕ್ಕೆ ಒರಗಿ ಕೂತು ಎಲ್ಲವನ್ನೂ ನೋಡಿದೆ. ಎಷ್ಟೋ ದಿನಗಳ ಮೇಲೆ ಆ ಪಡಸಾಲೆಯಲ್ಲಿ ಮನುಷ್ಯರ ಬೈಗುಳ ಕೇಳುತ್ತಿತ್ತು. ಕೆಲಸ ನಿಧಾನವಾಗಲಿ ಎಂದು ಬೇಡಿಕೊಂಡ ಗಿರಾಕಿ ಅವನಿಗೆ ಬೇರೆ ಯಾರೂ ಸಿಕ್ಕಿರಲಿಕ್ಕಿಲ್ಲ.

ಮುಂದಿನ ಭಾನುವಾರ ಬೀಗ ಬಿಚ್ಚಿಕೊಂಡಿತು. ಮುಚ್ಚಳ ತೆಗೆದು ಹಳೆಯ ಪೇಪರಿನ ಮೇಲೆ ಬೋರಲು ಹಾಕಿದ. ಮೊದಲು ಬಿದ್ದದ್ದು ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು, ಅದರ ಹಿಂದೆ ನನ್ನ ಹುಂಡಿಯ ಸಂಪತ್ತು. ಬಳಪದ ತುಂಡುಗಳು, ಹುಣಸೆ ಬೀಜ, ಗೋಲಿಸೋಡದ ಒಂದು ಗೋಲಿಯ ಚೂರು, ಜೋಳದ ಕಾಳು. ಇವೆಲ್ಲ ನನ್ನವು. ಅವುಗಳ ನಡುವೆ ಹಸಿರು ಬಳೆಯ ಒಂದು ಚೂರು ಇತ್ತು. ಅದು ನನ್ನದಲ್ಲ. ಗಂಡ ತೀರಿದ ಮೇಲೆ ಅಕ್ಕ ಬಳೆ ತೊಟ್ಟವಳಲ್ಲ. ನಾನು ಆಡುವುದನ್ನು ನೋಡಿ ಅವಳೂ ಯಾವಾಗಲೋ ತನ್ನ ಮೊದಲಿನ ಬಳೆಯ ಒಂದು ಚೂರು ತೂರಿಸಿ, ಹುಂಡಿಗೆ ಹಾಕಿ, ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡಿದ್ದಳೇನೋ. ಗೊತ್ತಿಲ್ಲ. ಆ ಚೂರನ್ನು ಮಾತ್ರ ಎತ್ತಿ ಜೇಬಿಗೆ ಹಾಕಿಕೊಂಡೆ.

“ಇಷ್ಟು ಕಸ ಇಟ್ಕೊಂಡು ಕೀಲಿ ಹೆಂಗ ತಿರುಗಬೇಕ್ರಿ?” ಎಂದ ಇಮಾಮಸಾಬ. “ಕೀಲಿಗೆ ಏನೂ ಆಗಿರಲಿಲ್ಲ. ಅದರ ಹೊಟ್ಟಿ ತುಂಬಿತ್ತು, ಅಷ್ಟ.”

ಹೊಟ್ಟೆ ತುಂಬಿದ್ದಷ್ಟೇ ಆಗಿದ್ದರೆ ಅವನು ಅದರ ಸ್ಪ್ರಿಂಗು ಮುರಿಯುವ ಅಗತ್ಯವಿರಲಿಲ್ಲ. ಮುರಿದ. ಹಳೆಯ ಛತ್ರಿಯ ಕಡ್ಡಿಯಿಂದ ಹೊಸದು ಮಾಡಿದ. ಎಲ್ಲವನ್ನೂ ಉಜ್ಜಿ, ಎಣ್ಣೆ ಹಚ್ಚಿ ಕದಕ್ಕೆ ಬಿಗಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಒಳಗಿನ ನಾಲಿಗೆಯನ್ನು ಅವನು ತಿರುವುಮುರುವು ಕೂರಿಸಿದ್ದ. ಬಲಕ್ಕೆ ತಿರುವಿದರೆ ಬೀಗ ಬೀಳುವ ಬದಲು ತೆರೆಯುತ್ತಿತ್ತು, ಎಡಕ್ಕೆ ತಿರುವಿದರೆ ಬೀಳುತ್ತಿತ್ತು.

“ಉಲ್ಟಾ ಆಗೈತಲ್ಲ ಸಾಬ್ರ?”

“ಉಲ್ಟಾ ಅಲ್ರಿ, ಅದು ಕಾವಲು. ಕಳ್ಳ ಬಂದು ಬಲಕ್ಕ ತಿರುವಿದ ಅಂದ್ರ...” ಎಂದು ಶುರು ಮಾಡಿದವನು, ಬಲಕ್ಕೆ ತಿರುವಿದರೆ ಕಳ್ಳನಿಗೆ ತೆರೆದುಕೊಳ್ಳುತ್ತದೆ ಎಂದು ಹೊಳೆದು ಅಲ್ಲಿಗೇ ನಿಲ್ಲಿಸಿ ಚಹಾ ಕೇಳಿದ.

ಆ ಸಂಜೆ ನಾನು ಹೊರಗೆ ಹೋಗಿ ನಿಂತು, ಕೀಲಿಕೈ ತೂರಿಸಿ, ಎಡಕ್ಕೆ ತಿರುವಿದೆ. ‘ಕಟಕ್’ ಎಂದು ನಾಲಿಗೆ ಆಚೆಯ ಕದಕ್ಕೆ ಸಿಕ್ಕಿಕೊಂಡಿತು. ತೆಗೆದೆ, ಮತ್ತೆ ಹಾಕಿದೆ, ಮತ್ತೆ ತೆಗೆದೆ. ಹೊಸ ಸೈಕಲ್ಲಿನ ಗಂಟೆ ಬಾರಿಸುವ ಹುಡುಗನಂತೆ ಆಡುತ್ತಿದ್ದೆ. ನೀಲಮ್ಮ ಎದುರಿನಿಂದ “ಸವೀತೈತಿ ಬಿಡೋ” ಎಂದಳು. ಆಗ ಥಟ್ಟನೆ ಹೊಳಲಿನ ದೇವರು ನೆನಪಾದ. ಒಂದು ಹಿಡಿ ಕಸ ತೆಗೆದಿದ್ದರೆ ತಿರುಗುತ್ತಿದ್ದ ಬೀಗ. ಅಜ್ಜಿಯ ಮಾತು ಮೀರಿ ಯಾರಾದರೂ ಅದನ್ನು ತಿರುವಿದ್ದರೆ ಅಕ್ಕ ಹೊಳಲು ನೋಡುತ್ತಿದ್ದಳು, ಹಡಗಲಿಯ ಮದುವೆಗಳನ್ನು ನೋಡುತ್ತಿದ್ದಳು, ಟಾಕೀಸಿನಲ್ಲಿ ನಮ್ಮ ಜೊತೆ ಕೂತು ಅಳುತ್ತಿದ್ದಳು. ಬೀಗ ಮಾಡಬೇಕಾದ ಕೆಲಸವನ್ನು ಅವಳೇ ಮಾಡಿಕೊಂಡು ಕೂತಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎನ್ನುವ ಗಾದೆಯನ್ನು ನಾನು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೇನೆ. ಅಂದು ಅದನ್ನು ನನಗೆ ಹೇಳಲು ಯಾರೂ ಇರಲಿಲ್ಲ, ನಾನೇ ಹೇಳಿಕೊಂಡೆ.

ಮುಂಬಾಗಿಲಿನ ಕೆಲಸ ಮುಗಿಯಿತು. ಇನ್ನು ಅಣ್ಣನಿಗೆ ಹೇಳಬೇಕು, ಕೋಣೆ ಹುಡುಕಬೇಕು. ಆದರೆ ಕಳ್ಳನಿಗೊಂದು ಪಿಳ್ಳೆ ನೆವ. ಒಳಗೆ ಕಾಳು ತುಂಬುವ ಕೋಣೆಯ ಬಾಗಿಲಿಗೂ ಅಂಥದ್ದೇ ಒಂದು ಚಿಕ್ಕ ಬೀಗ ಇದೆಯಲ್ಲ, ಅದೂ ಆಗಿಬಿಡಲಿ ಎಂದೆ. ಆ ಕೋಣೆಯಲ್ಲಿ ಕಾಳು ತುಂಬಿ ಯಾವ ಕಾಲವಾಯಿತೋ. ಇಮಾಮಸಾಬ ಕೇಳಲಿಲ್ಲ, ನಾನು ಹೇಳಲಿಲ್ಲ. ಭಾನುವಾರ ಅವನಿಗೆ ಬೇರೆ ಕೆಲಸ ಇದ್ದುದರಿಂದ ಕಚೇರಿಯ ದಿನವೇ ಬೆಳಿಗ್ಗೆ ಬಂದ. ನಾನು ಹೊರಡುವ ಹೊತ್ತಿಗೆ ಅವನು ಆ ಒಳಕೋಣೆಯಲ್ಲಿ ಟಾರ್ಚು ಹಿಡಿದು ಕೂತಿದ್ದ. ಮುಗಿದ ಮೇಲೆ ಕದ ಎಳೆದುಕೊಂಡು ಹೋಗುವುದು ಎಂದು ಮಾತಾಗಿತ್ತು.

ಬಸ್ಸಿಗೆ ತಡವಾಗಿತ್ತು. ಅವಸರದಲ್ಲಿ ಚಪ್ಪಲಿ ಮೆಟ್ಟಿದೆ, “ಬಾಗ್ಲ ಹಾಕ್ಕೋ ಅಕ್ಕಾ” ಎಂದೆ, ಕದ ಎಳೆದೆ. ಹೊಸ ಆಟಿಕೆಯ ಮೋಹ, ಕೀಲಿಕೈ ತೂರಿಸಿ ಎಡಕ್ಕೆ ತಿರುವಿ, ಚೀಲಕ್ಕೆ ಹಾಕಿಕೊಂಡು ಓಡಿದೆ.

ಆ ದಿನ ನನಗೆ ಏಕೋ ಬಹಳ ಹಿತವಾಗಿತ್ತು. ಬಸ್ಸಿನ ಕಿಟಕಿಯಲ್ಲಿ ಸೂರ್ಯಕಾಂತಿ ಹೊಲಗಳು ಹಾಯುತ್ತಿದ್ದವು. ದಿನಾ ನೋಡುವ ಹೊಲಗಳೇ, ಅಂದು ಹೂವು ಬಿಟ್ಟಿರುವುದು ಕಂಡಿತು. ಪಕ್ಕದಲ್ಲಿ ಕೂತ ಮುದುಕ ನಿದ್ದೆ ಬಂದು ನನ್ನ ಹೆಗಲಿಗೆ ತಲೆ ಇಟ್ಟರೆ ಸರಿಸಲಿಲ್ಲ. ಕಚೇರಿಯಲ್ಲಿ ಜವಾನನನ್ನು ಕರೆದು ಗೇಣುದ್ದದ ಕೀಲಿಕೈ ತೋರಿಸಿದೆ. ಅವನು “ಇದ್ರಾಗ ಕೋಟೆ ಬಾಗ್ಲ ತಗೀಬಹುದಲ್ರಿ ಸರ” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೆಲಸ ಬೇಗ ಮುಗಿಯಿತು. ಸಂಜೆ ಕೊಟ್ಟೂರಿನಲ್ಲಿ ಬಸ್ಸಿಳಿದು, ನೇರ ಮನೆಗೆ ಹೋಗದೆ ಮಂಡಕ್ಕಿ ಅಂಗಡಿಗೆ ಹೋದೆ. ಬಿಸಿ ಮಿರ್ಚಿ ಬಿಡುತ್ತಿದ್ದರು. “ಎರಡು ಕಟ್ಟು” ಎಂದೆ. ಅಂಗಡಿಯವನು ಮುಖ ನೋಡಿದ. ಅಕ್ಕ ಹೋದ ಮೇಲೆ ನಾನು ಅಲ್ಲಿ ಒಂದೇ ಕಟ್ಟಿಸುತ್ತಿದ್ದೆ. ಅದೂ ನನಗೆ ಆಗ ಹೊಳೆಯಲಿಲ್ಲ.

ಓಣಿ ತಿರುಗಿದರೆ ನಮ್ಮ ಕಟ್ಟೆಯ ಮೇಲೆ ಜನ. ಹತ್ತಿರ ಹೋದರೆ ನೀಲಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ.

“ಮನಿ ಕಾಯಾಕ ಮಂದೀನ್ನ ಬಿಟ್ಟು ಹೋಗಿದ್ದು ನೋಡೇನಿ. ಒಳಗ ಕೂಡಿ ಕೀಲಿ ಹಾಕಿ ಹೋಗಿದ್ದು ಇವತ್ತ ನೋಡಿದ್ನಿ ನೋಡಪ್ಪ.”

ಆಗ ತಿಳಿಯಿತು. ಚೀಲ ತಡಕಿ ಕೀಲಿಕೈ ತೆಗೆದೆ. ತೂತಿಗೆ ತೂರಿಸಿ ಎಡಕ್ಕೆ ತಿರುವಿದೆ. ಒಳಗಿನಿಂದ ಇಮಾಮಸಾಬನ ಧ್ವನಿ ಬಂತು, “ಬಲಕ್ಕ ತಿರುವ್ರಿ, ಬಲಕ್ಕ.”

ಅವನು ಕಂಬಕ್ಕೆ ಒರಗಿ ಕೂತಿದ್ದ. ನೀಲಮ್ಮ ಕಿಟಕಿಯ ಸರಳಿನ ಸಂದಿಯಿಂದ ಚಹಾ, ಮಡಿಸಿದ ರೊಟ್ಟಿ ಕೊಟ್ಟಿದ್ದಳು. ತನ್ನ ನಮಾಜನ್ನೂ ಪಡಸಾಲೆಯಲ್ಲೇ ಮಾಡಿ ಮುಗಿಸಿದ್ದ. ಹಿತ್ತಲಿನ ಗೋಡೆ ಹತ್ತಲು ಅವನ ಹೊಟ್ಟೆ, ಮೊಣಕಾಲು ಎರಡೂ ಒಪ್ಪುವಂಥವಲ್ಲ. ನಾನು ಕೈಮುಗಿದು, ತಪ್ಪಾಯಿತು ಎಂದೆ.

“ಬೀಗ ಒಳಮೈಗೆ ಐತಲ್ಲ ಸಾಬ್ರ, ತಿರುಪು ಬಿಚ್ಚಿ ಹೊರಗ ಬರಬೇಕಿಲ್ಲೇನು?”

“ಚಲೋ ಹೇಳಿದ್ರಿ. ಮಂದಿ ಎಲ್ಲಾ ಕಟ್ಟಿ ಮ್ಯಾಗ ಕುಂತು ನೋಡಾಕ ಹತ್ಯಾರ. ತಾನ ಮಾಡಿದ ಕೀಲಿ ತಾನ ಕಿತ್ತು ಹೊರಗ ಬಂದ ಅಂದ್ರ ನಾಳಿ ನನ್ನ ಅಂಗಡಿಗೆ ಯಾರು ಬರ್ತಾರ?” ಎಂದ. ಆಮೇಲೆ ಸ್ವಲ್ಪ ಹೆಮ್ಮೆಯಿಂದ, “ಏನಾರ ಅನ್ರಿ, ಕೀಲಿ ಗಟ್ಟಿ ಐತಿ.”

ಜನ ಚದುರಿದರು. ನಾನು ಎರಡೂ ಪೊಟ್ಟಣ ಬಿಚ್ಚಿದ್ದನ್ನು ನೋಡಿ ಅವನ ಸಿಟ್ಟು ಪೂರ್ತಿ ಇಳಿಯಿತು. ಮಂಡಕ್ಕಿಯಲ್ಲಿ ಮಿರ್ಚಿ ಮುರಿದು ಹಾಕಿಕೊಂಡು ಇಬ್ಬರೂ ತಿಂದೆವು. ತಿನ್ನುತ್ತ ತಿನ್ನುತ್ತ ಅವನೇ ಕೇಳಿದ.

“ಅಲ್ರಿ, ಒಂದು ತಿಳೀವಲ್ದು. ನೀವು ಹೋಗುವಾಗ ‘ಬಾಗ್ಲ ಹಾಕ್ಕೋ’ ಅಂತ ಕೂಗಿದ್ರಿ. ನಾ ಒಳಗಿಂದ ‘ಹೂಂ’ ಅಂದೆ. ಬಾಯಾಗ ಮೊಳಿ ಕಚ್ಚಿದ್ನಿ, ಅದಕ್ಕ ಬರೇ ‘ಹೂಂ’ ಅಂದೆ. ನಿಮಗ ಕೇಳಿಸಲಿಲ್ಲೇನು?”

ಕೈಯಲ್ಲಿದ್ದ ಮಂಡಕ್ಕಿ ಕೈಯಲ್ಲೇ ಉಳಿಯಿತು. ಕೇಳಿಸಿತ್ತು. ಗಿಡ್ಡದು, ಮೂಗಿನಿಂದ ಬಂದದ್ದು. ಮನಸ್ಸಿಗೆ ತಿಳಿಯುವ ಮೊದಲೇ ಕಿವಿ ಅದನ್ನು ಕೇಳಿ, ಒಳಗೆ ಎಲ್ಲ ಎಂದಿನಂತೆ ಇದೆ ಎಂದುಕೊಂಡು, ನನ್ನನ್ನು ನೆಮ್ಮದಿಯಿಂದ ಬಸ್ಸಿಗೆ ಕಳಿಸಿತ್ತು. ಸೂರ್ಯಕಾಂತಿ ಕಂಡದ್ದು ಅದಕ್ಕೇ. ಎರಡು ಪೊಟ್ಟಣ ಕಟ್ಟಿಸಿದ್ದು ಅದಕ್ಕೇ. ಇಡೀ ಒಂದು ದಿನ ನನ್ನ ಅಕ್ಕ ಬದುಕಿದ್ದಳು, ಮನೆಯಲ್ಲಿ ಇದ್ದಳು.

“ಕೇಳಿಸಿತ್ತು ಸಾಬ್ರ” ಎಂದೆ. ಅವನು ಮಿರ್ಚಿಯ ಖಾರ ನೆತ್ತಿಗೇರಿತು ಎಂದುಕೊಂಡನೋ, ಬೇರೆ ಏನಾದರೂ ತಿಳಿದುಕೊಂಡನೋ, ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದ.

ಆ ಸಂಜೆಯೇ ನಿರ್ಧಾರವಾಗಿಹೋಯಿತು. ಯಾರೋ ಬಾಯಲ್ಲಿ ಮೊಳೆ ಕಚ್ಚಿಕೊಂಡು ಹೂಂ ಎಂದರೆ ನಂಬಿಬಿಡುವ ಕಿವಿಯನ್ನು ಇಟ್ಟುಕೊಂಡು ಆ ಮನೆಯಲ್ಲಿ ಒಬ್ಬನೇ ಇರುವುದು ನನ್ನಿಂದ ಆಗುತ್ತಿರಲಿಲ್ಲ. ಕಾಳಿನ ಕೋಣೆಯ ಬೀಗವನ್ನು ಅರ್ಧಕ್ಕೇ ಬಿಡಿಸಿದೆ. ದೀಪಾವಳಿಗೆ ಮೊದಲು, ಅಂದರೆ ಹೋತ ತಿಂದು ನಿಲ್ಲಿಸಿದ್ದ ಪುಟಕ್ಕೆ ಬರುವ ಮೊದಲೇ, ಎಚ್.ಬಿ. ಹಳ್ಳಿಯಲ್ಲಿ ಈ ಕೋಣೆ ಹಿಡಿದೆ.

ಇಲ್ಲಿಗೆ ಬಂದು ಕೆಲವು ವರ್ಷಗಳಾದವು. ಅಣ್ಣ ಹೇಳಿದ ನಾಲ್ಕು ಮಂದಿ ಸಿಕ್ಕಿದ್ದಾರೆ. ಮಾತಾಡುತ್ತಾರೆ, ಅವರವರ ಮನೆಗೆ ಹೋಗುತ್ತಾರೆ. ಇಮಾಮಸಾಬನ ಡಬ್ಬಿ ಅಂಗಡಿ ಅಲ್ಲೇ ಇದೆ. ನಾನು ಬಸ್ಸಿಳಿಯುವುದನ್ನು ಕಂಡರೆ ಕೂತಲ್ಲಿಂದಲೇ ಕೈಯನ್ನು ಬಲಕ್ಕೆ ತಿರುವಿ ತೋರಿಸುತ್ತಾನೆ. ಯಾವಾಗಲಾದರೂ ರಜೆ ಸಿಕ್ಕರೆ ಕೊಟ್ಟೂರಿಗೆ ಹೋಗಿ ಮನೆ ತೆಗೆದು, ಕಸ ಹೊಡೆದು, ದೇವರಿಗೆ ದೀಪ ಹಚ್ಚಿ, ಬೀಗಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಬರುತ್ತೇನೆ. ಬಳೆಯ ಚೂರನ್ನು ಮರಳಿ ಅದರ ತೂತಿನಲ್ಲೇ ಹಾಕಿದ್ದೇನೆ. ಇಮಾಮಸಾಬನಿಗೆ ಹೇಳಿಲ್ಲ, ಹೇಳಿದರೆ ಬೈಯುತ್ತಾನೆ. ಅದರಿಂದ ಬೀಗಕ್ಕೆ ಏನೂ ಆಗಿಲ್ಲ.

ಹೊರಡುವಾಗ ಹೊಸ್ತಿಲಾಚೆ ನಿಂತು, ಚಪ್ಪಲಿ ಮೆಟ್ಟಿ, ಒಳಗಿನ ಕಡೆ ಮುಖ ಮಾಡಿ “ಬಾಗ್ಲ ಹಾಕ್ಕೋ ಅಕ್ಕಾ” ಎನ್ನುತ್ತೇನೆ. ಎದುರಿನ ಕಟ್ಟೆಯಿಂದ ನೀಲಮ್ಮ ನೋಡುತ್ತಿರುತ್ತಾಳೆ. ನೋಡಲಿ. ಒಂದು ಹೂಂ ಅನ್ನುವಷ್ಟು ಹೊತ್ತು ಕಾಯುತ್ತೇನೆ, ಆಮೇಲೆ ಕೀಲಿಕೈಯನ್ನು ಎಡಕ್ಕೆ ತಿರುವುತ್ತೇನೆ.